ನಕ್ಷತ್ರ ಓದಲು ಸಾಲ ಬೇಡ

ಖಗೋಳವಿಜ್ಞಾನ ಉಳ್ಳವರ ಮಕ್ಕಳ ಓದು ಎಂಬ ಮಾತು ನಮ್ಮ ಬಾಗಲಕೋಟೆ ಜಿಲ್ಲೆಯ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ಪದವಿಯಲ್ಲಿ ಖಗೋಳವನ್ನೇ ಓದಬೇಕೆಂದಿಲ್ಲ. ಭೌತವಿಜ್ಞಾನ, ಗಣಿತ ಇದ್ದರೆ ಸಾಕು. ಆ ಬಿಎಸ್ಸಿಯನ್ನು ಇಳಕಲ್ಲಿನ ಹುಡುಗಿ ಮನೆಯ ರೊಟ್ಟಿ ಉಂಡೇ ಮುಗಿಸಬಹುದು. ಬಾದಾಮಿಯ ಹುಡುಗ ದಿನಾ ರೈಲು ಹಿಡಿದು ಬಾಗಲಕೋಟೆಗೆ ಬಂದು ಓದಬಹುದು. ಎಂಎಸ್ಸಿಗೆ ಧಾರವಾಡವಿದೆ, ಜ್ಯಾಮ್ ಪರೀಕ್ಷೆಯಲ್ಲಿ ಒಳ್ಳೆಯ ರ್‍ಯಾಂಕ್ ಬಂದರೆ ಐಐಟಿಗಳಿವೆ. ಅಲ್ಲಿಂದಾಚೆ ಕೊಡುವ ಕೈ ಬದಲಾಗುತ್ತದೆ. ನೆಟ್ ಅಥವಾ ಜೆಸ್ಟ್ ಪರೀಕ್ಷೆ ಬರೆದು, ಸಂದರ್ಶನ ದಾಟಿ ಬೆಂಗಳೂರಿನ ಭಾರತೀಯ ಖಗೋಳಭೌತವಿಜ್ಞಾನ ಸಂಸ್ಥೆಯನ್ನೋ ರಾಮನ್ ಸಂಶೋಧನಾ ಸಂಸ್ಥೆಯನ್ನೋ ಸೇರಿದವರಿಗೆ ಫೆಲೋಶಿಪ್ ಬರುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ಕೇಂದ್ರದ ದರ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬಿಟ್ಟು ಐದು ವರ್ಷಕ್ಕೆ 24 ಲಕ್ಷ. ಹೀಗಿರುವಾಗ ಹೆಸರಿನಲ್ಲಿ 'ಸ್ಪೇಸ್' ಅಂಟಿಸಿಕೊಂಡ ದುಬಾರಿ ಖಾಸಗಿ ಕೋರ್ಸಿಗೆ ಹೊಲ ಅಡವಿಟ್ಟು ಸಾಲ ಮಾಡುವುದು ಶುದ್ಧ ದಂಡ.

ಓದಿದ ಮೇಲೆ ಕೆಲಸವೆಲ್ಲಿ ಎನ್ನುತ್ತಾರೆ. ಖಗೋಳವಿಜ್ಞಾನಿಯ ಕಾಯಂ ಹುದ್ದೆ ಕಡಿಮೆ, ನಿಜ. ಆದರೆ ಈ ಕ್ಷೇತ್ರ ಬರೀ ಆಕಾಶ ನೋಡುವವರಿಂದ ನಡೆಯುವುದಿಲ್ಲ. 2023ರಲ್ಲಿ ಹಾರಿದ ಸೂರ್ಯ ಅಧ್ಯಯನ ನೌಕೆ ಆದಿತ್ಯ ಎಲ್‌1ರ ಮುಖ್ಯ ಉಪಕರಣ ಜೋಡಣೆಯಾದದ್ದು ಹೊಸಕೋಟೆಯಲ್ಲಿ. ಅದಕ್ಕೆ ಬೆಳಕಿನ ಉಪಕರಣ, ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಬಲ್ಲವರು ಬೇಕಾದರು. ದೂರದರ್ಶಕದ ದತ್ತಾಂಶ ಜಾಲಾಡಿ ಕಲಿತ ಪ್ರೋಗ್ರಾಮಿಂಗಿಗೆ ಐಟಿ ಕಂಪನಿಯಲ್ಲೂ ಬೆಲೆಯಿದೆ.

ನನಗೆ ತೂಕದ್ದೆನಿಸುವ ಆಕ್ಷೇಪ ಬೇರೆಯದು: ಗಳಿಕೆ ತಡ. ಎಂಜಿನಿಯರಿಂಗ್ ಮುಗಿಸಿದ ಗೆಳೆಯನಿಗೆ ಕೆಲಸ ಸಿಕ್ಕರೆ 22ಕ್ಕೇ ಸಂಬಳ, ಪಿಎಫ್ ಶುರು. ಫೆಲೋಶಿಪ್ಪಿನಲ್ಲಿ ಪಿಎಫ್ ಇಲ್ಲ. ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆಗಳೂ ತಾತ್ಕಾಲಿಕ. ಕಾಯಂ ಸಂಬಳ ಬರುವಷ್ಟರಲ್ಲಿ ವಯಸ್ಸು 30 ದಾಟಿರಬಹುದು. ಈ ಓದಿನ ನಿಜವಾದ ಶುಲ್ಕ ಇದೇ, ಯಾವ ರಸೀದಿಯಲ್ಲೂ ಕಾಣಿಸದು. ಅದನ್ನು ಪೂರ್ತಿ ತುಂಬಿಕೊಳ್ಳಲಾಗದಿದ್ದರೂ ಮೊದಲ ತಿಂಗಳ ಫೆಲೋಶಿಪ್ಪಿನಿಂದಲೇ ಪಿಪಿಎಫ್ ಖಾತೆ ತೆರೆದು ಕಟ್ಟುತ್ತ ಹೋಗಬಹುದು. ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ಚಾಲೂ ಇರುತ್ತದೆ. ಮಗ್ಗದ ಮಜೂರಿಯನ್ನೇ ನಂಬಿದ ಇಳಕಲ್ಲಿನ ಮನೆಗೆ, ಮಳೆ ಕೈಕೊಟ್ಟ ವರ್ಷ ಹುನಗುಂದದ ಒಕ್ಕಲಿಗೆ, ತಮ್ಮ ತಂಗಿಯರ ಫೀಗೆ ಈಗಲೇ ದುಡಿಯುವ ಕೈ ಬೇಕಿದ್ದರೆ ಈ ದಾರಿ ಭಾರವೇ. ಅಂಥವರು ಎಂಎಸ್ಸಿ ಮುಗಿದಾಗ ಒಮ್ಮೆ ನಿಂತು ನೋಡಲಿ. ಪರೀಕ್ಷೆ ಎರಡು ಸಲ ಬರೆದರೂ ಫೆಲೋಶಿಪ್ ಕೈಗೆ ಸಿಗದಿದ್ದರೆ ಸ್ವಂತ ಖರ್ಚಿನ ಪಿಎಚ್‌ಡಿಗೆ ಇಳಿಯುವುದು ಬೇಡ; ಬಿಎಡ್ ಮಾಡಿದರೆ ಪಿಯು ಕಾಲೇಜಿನ ಭೌತವಿಜ್ಞಾನ ಉಪನ್ಯಾಸಕರ ಹುದ್ದೆಗೆ ಅದೇ ಎಂಎಸ್ಸಿ ಸಾಕು.