ಉಗ್ರಾಣಿಯೂ ದುಭಾಷಿಯೂ

ಡ್ರೈವರ್ ಎಂದೊಡನೆ ವಿಜಯನಗರದ ನಿವಾಸಿಯಾದ ನನಗೆ ನೆನಪಾಗುವವನು ಮೆಜೆಸ್ಟಿಕ್ಕಿನ ಬಸ್ಸು ನಡೆಸುವಾತನು. ಗಣಕಯಂತ್ರದೊಳಗೂ ಡ್ರೈವರ್ ಎಂಬುದೊಂದು ಉಂಟೆಂದೂ, ಅದು ಇಲ್ಲದಿದ್ದರೆ ಯಂತ್ರವು ತನ್ನ ಉಗ್ರಾಣವನ್ನೇ ಗುರುತಿಸಲಾರದೆಂದೂ 2025ರ ಕೊನೆಯವರೆಗೆ ನಾನರಿಯೆ. ನಾನು ಇತಿಹಾಸದ ವಿದ್ಯಾರ್ಥಿ, ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಒಂದು ಪ್ರಸಂಗದಿಂದ ಕಲಿತ ಪಾಠವನ್ನು ಸಹಪಾಠಿಗಳ ಮುಂದಿಡುವುದು ಉಪಯುಕ್ತವೆಂದು ಭಾವಿಸಿದ್ದೇನೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಮುಗಿಯಿತು. ಅಣ್ಣನು 2017ರಲ್ಲಿ ಕೊಂಡು, ಬಳಿಕ ನನಗೆ ಬಿಟ್ಟುಕೊಟ್ಟ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ಅರ್ಹವಾಗಿರಲಿಲ್ಲ. ಹೊಸದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಬೆಲೆಯಿಲ್ಲದೆ ದೊರೆಯುವ ಉಬುಂಟು ಲಿನಕ್ಸನ್ನು ಪೆನ್‌ಡ್ರೈವಿನಿಂದ ಸ್ಥಾಪಿಸಲು ಕುಳಿತೆ. ಎಲ್ಲವೂ ಸರಿಯಾಗಿ ಸಾಗಿ, ಡಿಸ್ಕನ್ನು ಆರಿಸುವ ಘಟ್ಟದಲ್ಲಿ ಪಟ್ಟಿಯು ಬರಿದಾಗಿತ್ತು! ನನ್ನ ಒಂದು ವರ್ಷದ ಟಿಪ್ಪಣಿಗಳೆಲ್ಲ ಆ ಡಿಸ್ಕಿನಲ್ಲಿದ್ದವು. ರಾಜಾಜಿನಗರದ ಅಂಗಡಿಯವರೊಬ್ಬರು, "ಡಿಸ್ಕು ಹೋಗಿದೆ, ಹೊಸದು ಹಾಕಿಸಿ" ಎಂದರು. ಆದರೆ ಅದೇ ಯಂತ್ರವು ವಿಂಡೋಸಿನಲ್ಲಿ ಎಂದಿನಂತೆ ಎದ್ದಿತು. ಹಾಗಾದರೆ ಡಿಸ್ಕು ಕೆಟ್ಟಿರಲಿಲ್ಲ. ದೋಷವೆಲ್ಲಿ?

ಡಿಸ್ಕನ್ನು ಒಂದು ಉಗ್ರಾಣವೆಂದು ಭಾವಿಸೋಣ. ಅದರ ಬಾಗಿಲಲ್ಲಿ ಕುಳಿತ ಉಗ್ರಾಣಿಯೇ ಡಿಸ್ಕ್ ಕಂಟ್ರೋಲರ್, ಅಂದರೆ ನಿಯಂತ್ರಕ. ಯಜಮಾನನಾದ ಕಾರ್ಯಾಚರಣ ವ್ಯವಸ್ಥೆಯು ಬೇಕಾದುದನ್ನು ಅವನ ಮೂಲಕವೇ ತರಿಸಿಕೊಳ್ಳಬೇಕು. ಆದರೆ ಉಗ್ರಾಣಿಗಳ ಭಾಷೆ ಬೇರೆ ಬೇರೆ. ಇಬ್ಬರ ನಡುವಿನ ದುಭಾಷಿಯೇ ಡ್ರೈವರ್. ಈ ತೊಡಕನ್ನು ನೀಗಲೆಂದೇ ಸಾಟಾ ಡಿಸ್ಕುಗಳಿಗೆ ಎಎಚ್‌ಸಿಐ ಎಂಬ ಸಾಮಾನ್ಯ ಭಾಷೆಯು 2004ರಲ್ಲಿಯೂ, ವೇಗದ ಹೊಸ ಡಿಸ್ಕುಗಳಿಗೆ ಎನ್‌ವಿಎಂಇ ಎಂಬುದು 2011ರಲ್ಲಿಯೂ ಪ್ರಕಟವಾದವು. ಈ ಎರಡನ್ನೂ ಲಿನಕ್ಸ್ ಬಲ್ಲದು.

ನನ್ನ ಯಂತ್ರದಲ್ಲಿದ್ದುದು ಎನ್‌ವಿಎಂಇ ಡಿಸ್ಕೇ. ಆದರೆ ತಯಾರಕರು ನಿಯಂತ್ರಕವನ್ನು 'ರೇಡ್' ಎಂಬ ಸ್ಥಿತಿಯಲ್ಲಿ ಇಟ್ಟಿದ್ದರು. ಹಲವು ಡಿಸ್ಕುಗಳನ್ನು ಒಂದೆಂಬಂತೆ ನಡೆಸುವುದು ರೇಡ್‌ನ ಉದ್ದೇಶ. ಒಂದೇ ಡಿಸ್ಕಿರುವಲ್ಲಿ ಅದರ ಅಗತ್ಯ ಕಡಮೆ. ಈ ಸ್ಥಿತಿಯಲ್ಲಿ ಡಿಸ್ಕು ನಿಯಂತ್ರಕದ ಬೆನ್ನ ಹಿಂದೆ ಮರೆಯಾಗುತ್ತದೆ. ವಿಂಡೋಸಿಗೆ ತಯಾರಕರೇ ದುಭಾಷಿಯನ್ನು ಕೊಟ್ಟಿದ್ದರು. ಲಿನಕ್ಸಿಗೆ ಯಾರೂ ಕೊಟ್ಟಿರಲಿಲ್ಲ. ಲಿನಕ್ಸಿನ ದಿನಚರಿಯನ್ನು ತೆರೆದು ನೋಡಿದಾಗ, ಮರೆಯಲ್ಲಿ ಒಂದು ಎನ್‌ವಿಎಂಇ ಡಿಸ್ಕು ಇದೆಯೆಂದೂ, ರೇಡ್ ಬಿಟ್ಟು ಎಎಚ್‌ಸಿಐ ಆರಿಸಬೇಕೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದುವ ವ್ಯವಧಾನ ನನಗಿರಲಿಲ್ಲ, ಅಷ್ಟೆ.

ಕೂಡಲೇ ಬಯಾಸ್‌ಗೆ ಹೋಗಿ ಎಎಚ್‌ಸಿಐ ಆರಿಸಿದೆ. ಈ ಬಾರಿ ವಿಂಡೋಸೇ ಏಳಲಿಲ್ಲ, ನೀಲಿ ಪರದೆ! ಹಳೆಯ ಸ್ಥಿತಿಗೆ ಮರಳಿಸಿದ ಮೇಲೆ ಜೀವ ಬಂದಿತು. ಸರಿಯಾದ ಕ್ರಮ ಇದು: ಮೊದಲು ಕಡತಗಳನ್ನು ಬೇರೆಡೆಗೆ ನಕಲು ಮಾಡಬೇಕು. ಬಿಟ್‌ಲಾಕರ್ ಬೀಗವಿದ್ದರೆ ಅದರ ಕೀಲಿಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿ, ಯಂತ್ರವನ್ನು ಮತ್ತೆ ಆರಂಭಿಸುವಾಗಲೇ ಬಯಾಸ್‌ನಲ್ಲಿ ಎಎಚ್‌ಸಿಐ ಆರಿಸಬೇಕು. ಆಗ ವಿಂಡೋಸ್ ತಕ್ಕ ಡ್ರೈವರನ್ನು ತಾನೇ ತೊಡಗಿಸಿಕೊಳ್ಳುತ್ತದೆ. ಅನಂತರ ಸೇಫ್ ಮೋಡನ್ನು ತೆಗೆಯಬಹುದು. ಆದರೆ ನಿಜವಾಗಿಯೂ ಹಲವು ಡಿಸ್ಕುಗಳು ರೇಡ್‌ನಲ್ಲಿ ಕೂಡಿದ್ದರೆ ಈ ಬದಲಾವಣೆಗೆ ಕೈಹಾಕಬಾರದು. ಈ ಕ್ರಮದಲ್ಲಿ ನಡೆದಾಗ ಉಬುಂಟುವಿನ ಪಟ್ಟಿಯಲ್ಲಿ ನನ್ನ ಡಿಸ್ಕು ಕಾಣಿಸಿತು.

ಈ ತೊಡಕು ಲಿನಕ್ಸಿನಷ್ಟೇ ಹಳೆಯದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ರಚಿಸಿದ ಮೊದಲ ಲಿನಕ್ಸ್, ಅವರ ಬಳಿಯಿದ್ದ ಎಟಿ ಬಗೆಯ ಡಿಸ್ಕುಗಳನ್ನು ಮಾತ್ರ ಬಲ್ಲದಾಗಿತ್ತು. 2005ರಲ್ಲಿ ಅಡಾಪ್ಟೆಕ್ ಸಂಸ್ಥೆಯು ತನ್ನ ರೇಡ್ ನಿಯಂತ್ರಕಗಳ ವಿವರಗಳನ್ನು ಕೊಡಲಿಲ್ಲವೆಂದು, ಮತ್ತೊಂದು ಮುಕ್ತ ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯವರು ಅವುಗಳ ಡ್ರೈವರನ್ನು ತಮ್ಮ ಸಾಮಾನ್ಯ ಆವೃತ್ತಿಯಿಂದ ತೆಗೆದರು. 2016ರಲ್ಲಿ ಲೆನೋವೊ ಯೋಗಾ 900 ಮಾದರಿಯೊಂದರಲ್ಲಿ ಎಎಚ್‌ಸಿಐ ಆಯ್ಕೆಯೇ ಇರಲಿಲ್ಲ. ದೂರುಗಳು ಹೆಚ್ಚಿದ ಮೇಲೆ ಸಂಸ್ಥೆಯು ಹೊಸ ಬಯಾಸ್ ಒದಗಿಸಿತು.

ಇವುಗಳಿಂದ ತಿಳಿಯುವುದೇನು? ತಂತ್ರಾಂಶವು ಮುಕ್ತವಾಗಿದ್ದರಷ್ಟೇ ಸಾಲದು; ಯಂತ್ರಾಂಗದ ಭಾಷೆಯೂ ಮುಕ್ತವಾಗಿರಬೇಕು. ಬಿ. ಎಲ್. ರೈಸರು ನಮ್ಮ ನಾಡಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಮಾಡಿಸಿದ್ದರಿಂದಲೇ ಅನೇಕ ವಿದ್ವಾಂಸರು ಅವನ್ನು ಓದಿ ವಿಚಾರ ಮಾಡುವಂತಾಯಿತು. ಯಂತ್ರಗಳಿಗೂ ಇದೇ ನ್ಯಾಯ.

ನಮ್ಮ ಕಾಲೇಜಿನಲ್ಲಿ ಹಳೆಯ ಲ್ಯಾಪ್‌ಟಾಪನ್ನೇ ನಂಬಿರುವವರು ಹಲವರಿದ್ದಾರೆ. ಅವರಿಗೆ ನನ್ನ ವಿನಂತಿ ಇಷ್ಟೆ: ಡಿಸ್ಕು ಕಾಣದಿದ್ದ ಮಾತ್ರಕ್ಕೆ ಅದು ಕೆಟ್ಟಿದೆಯೆಂದು ತಿಳಿದು ಹಣ ಕಳೆದುಕೊಳ್ಳಬೇಡಿ. ಮೊದಲು ನಿಯಂತ್ರಕದ ಸ್ಥಿತಿಯನ್ನು ನೋಡಿ. ಈ ಲೇಖನವನ್ನು ನಾನು ಬರೆದಿರುವುದೂ ಅದೇ ಹಳೆಯ ಯಂತ್ರದಲ್ಲಿಯೇ.