ದಮ್ಮು: ರಕ್ತದ್ದೋ, ಒಲೆಯದ್ದೋ?

‘ದಮ್ಮು ನಮ್ಮ ಮನೆತನದಾಗೇ ಅದ’ ಎಂಬ ಮಾತನ್ನು ಸುರಪುರದ ನಮ್ಮ ಓಣಿಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆಯಿಗಿತ್ತು, ಅವ್ವಗೂ ಬಂತು. ಬೀಡಿ ಬಿಡದಿರಲು ಅಣ್ಣನಿಗೂ ಅದೇ ನೆಪ: ‘ರಕ್ತದಾಗಿದ್ದದ್ದು ಬೀಡಿ ಬಿಟ್ರ ಹೋಗ್ತದೇನು?’

ಕಲಬುರಗಿಯ ಎದೆರೋಗದ ವೈದ್ಯರು ಅವ್ವನಿಂದ ಯಂತ್ರದ ಕೊಳವೆಗೆ ಊದಿಸಿ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಅಡಚಣೆಯ ರೋಗ) ಎಂದರು. ಶ್ವಾಸನಾಳ ಹಿಗ್ಗಿಸುವ ಔಷಧ ಎಳೆದುಕೊಂಡ ಮೇಲೂ, ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಬಂದದ್ದು ಶೇ 70ಕ್ಕಿಂತ ಕಡಿಮೆಯಿತ್ತು. ಆಮೇಲೆ ಕೇಳಿದರು: ‘ಇವರ ತಂದೆ-ತಾಯಿ ರಕ್ತಸಂಬಂಧಿಗಳೇ?’ ಹೌದು, ಆಯಿಯನ್ನು ಸೋದರಮಾವನಿಗೇ ಕೊಟ್ಟಿದ್ದರು. ನಮ್ಮ ಕಡೆ ಅದೇನು ಹೊಸದಲ್ಲ.

ಯಕೃತ್ತು ತಯಾರಿಸುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಶ್ವಾಸಕೋಶವನ್ನು ನಮ್ಮದೇ ಬಿಳಿ ರಕ್ತಕಣಗಳ ಕಿಣ್ವದಿಂದ ಕಾಯುತ್ತದೆ. ಅದರ ಕೊರತೆಯನ್ನು 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಗುರುತಿಸಿದರು. ದೋಷವಿರುವ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಕೊರತೆ ತೀವ್ರ. ಒಳಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಆ ದೋಷದ ‘ಝಡ್’ ರೂಪ ಭಾರತದಲ್ಲಿ ವಿರಳ. ಅವ್ವನ ರಕ್ತದಲ್ಲಿ ಪ್ರೋಟೀನು ಸರಿಯಾಗೇ ಇತ್ತು.

ಅಲ್ಲಿಗೆ ಜೀನ್‌ಗಳ ವಿಷಯ ಮುಗಿಯಲಿಲ್ಲ. ಒಂದೊಂದೂ ತುಸುವೇ ಪ್ರಭಾವ ಬೀರುವ ವ್ಯತ್ಯಾಸಗಳು ನೂರಾರಿವೆ. ಅವುಗಳ ಲೆಕ್ಕ ಬಹುಪಾಲು ಯುರೋಪಿಯನ್ನರದು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜಿನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜಿನೋಮ್ ಓದಿದೆ. ಯಾದಗಿರಿಯ ಹೆಣ್ಣುಮಗಳೊಬ್ಬಳಿಗೆ ಅದರಿಂದ ಉತ್ತರ ಸಿಗಲು ಇನ್ನೂ ಕಾಲ ಬೇಕು.

ಒಲೆಯ ಲೆಕ್ಕ ಮಾತ್ರ ಸಲೀಸು. ದಿನಕ್ಕೆಷ್ಟು ತಾಸು ಒಲೆಯ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸುವುದು. ಅದು 60 ದಾಟಿದರೆ ಹಳೆಯ ಕಫ-ಕೆಮ್ಮಿನ ಅಪಾಯ ಏರುತ್ತದೆಂದು ಮೈಸೂರು ಸೀಮೆಯ ಹಳ್ಳಿಗಳ ಹೆಂಗಸರ ಅಧ್ಯಯನ ತೋರಿಸಿತ್ತು. ಹತ್ತಿ ಕಟಗಿ, ತೊಗರಿ ಕಟಗಿ, ಕುಳ್ಳು ಉರಿಸಿ ಎರಡು ಹೊತ್ತು ರೊಟ್ಟಿ ಬಡಿದ ಅವ್ವನದು ನೂರೈವತ್ತರ ಮೇಲೆ. ಶಹಾಪುರದ ಚಿಗವ್ವನದೂ ಅಷ್ಟೇ, ಆಕೆಗೆ ದಮ್ಮಿಲ್ಲ. ಇದರಲ್ಲಿ ಜೀನ್‌ಗೆ ಪಾಲಿಲ್ಲವೆನ್ನಲಾರೆ. ಆದರೆ ಎಳೆಯದರಲ್ಲಿ ಟಿ.ಬಿ. ಆದದ್ದು ಅವ್ವಗೆ, ಚಿಗವ್ವಗಲ್ಲ. ಆಯಿಯಿಂದ ಅವ್ವಗೆ ರಕ್ತವಷ್ಟೇ ಅಲ್ಲ, ಅದೇ ಹೊಗೆಯ ಅಡುಗೆಮನೆಯೂ ಬಂದಿತ್ತು; ‘ಮನೆತನದ ರೋಗ’ ಎನ್ನುವವರು ಅದನ್ನು ಎಣಿಸುವುದೇ ಇಲ್ಲ.

ಈಗ ಗ್ಯಾಸ್ ಇದೆ, ಚಹಾಕ್ಕೆ. ರೊಟ್ಟಿ ಇನ್ನೂ ಕಟಗಿ ಒಲೆಯ ಮೇಲೆಯೇ, ಆದರೆ ಒಲೆ ಅಂಗಳಕ್ಕೆ ಬಂದಿದೆ. ಶ್ವಾಸಕೋಶ ಇಪ್ಪತ್ತರ ಆಸುಪಾಸಿನವರೆಗೂ ಬೆಳೆಯುತ್ತದೆಂದು ವೈದ್ಯರು ಹೇಳಿದ ಮೇಲೆ ಅತ್ತಿಗೆ ಮಕ್ಕಳನ್ನು ಅದರ ಹತ್ತಿರ ಬಿಡುವುದಿಲ್ಲ. ಊದುವ ಪರೀಕ್ಷೆಗೆ ಅಣ್ಣ ಇನ್ನೂ ಒಪ್ಪಿಲ್ಲ.