ಮೂವತ್ತು ಎಕರೆಯ ಊರು: ಅತ್ರಾನಿಯ ಮೂಲಕ ಜನಸಾಂದ್ರತೆಯ ಪಾಠ

ತರಗತಿ: 9
ಘಟಕ: ಜನಸಂಖ್ಯೆ ಮತ್ತು ಆಡಳಿತ ವಿಭಾಗಗಳು
ಅವಧಿ: 40 ನಿಮಿಷ
ಪೂರ್ವಜ್ಞಾನ: ಭಾಗಾಕಾರ, ವರ್ಗಮೂಲ, ಸ್ಥಳೀಯ ಸಂಸ್ಥೆಗಳ ಹೆಸರುಗಳು

ಉದ್ದೇಶ

ಜನಸಾಂದ್ರತೆಯ ಸೂತ್ರ ಮಕ್ಕಳಿಗೆ ಬೇಗ ಬಾಯಿಪಾಠವಾಗುತ್ತದೆ. ಬಂದ ಉತ್ತರವನ್ನು ಹೇಗೆ ಓದಬೇಕು ಎಂಬುದು ಕಷ್ಟ. ಗಣಿತ ಓದಿದ ನನಗೆ ಈ ಪಾಠಕ್ಕೆ ಒಂದು ಚಿಕ್ಕ ಊರೇ ಬೇಕಿತ್ತು. ಅದಕ್ಕಾಗಿ ವಿಸ್ತೀರ್ಣದಲ್ಲಿ ಇಟಲಿಯ ಅತಿ ಚಿಕ್ಕ ಸ್ಥಳೀಯಾಡಳಿತ ಘಟಕವಾದ ಅತ್ರಾನಿಯನ್ನು ಆರಿಸಿಕೊಂಡೆ.

ವಿಷಯ ನಿರೂಪಣೆ

ಅತ್ರಾನಿ ಇರುವುದು ದಕ್ಷಿಣ ಇಟಲಿಯ ಕಂಪಾನಿಯಾ ಪ್ರಾಂತ್ಯದ ಸಲೆರ್ನೊ ಜಿಲ್ಲೆಯಲ್ಲಿ, ಅಮಾಲ್ಫಿ ಕರಾವಳಿಯಲ್ಲಿ. ಈ ಕರಾವಳಿಯನ್ನು 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನ ವಿಸ್ತೀರ್ಣ ಸುಮಾರು 0.12 ಚದರ ಕಿ.ಮೀ., ಅಂದರೆ 12 ಹೆಕ್ಟೇರ್ ಅಥವಾ ಸುಮಾರು 30 ಎಕರೆ. ಜನಸಂಖ್ಯೆ ಸುಮಾರು 800.

ಇಟಲಿಯ ತಳಮಟ್ಟದ ಆಡಳಿತ ಘಟಕದ ಹೆಸರು ‘ಕೊಮುನೆ’. ಇದನ್ನು ‘ಪುರಸಭೆ’ ಎಂದು ಅನುವಾದಿಸಿದರೆ ಮಕ್ಕಳಿಗೆ ತಪ್ಪು ಚಿತ್ರ ಮೂಡುತ್ತದೆ. ನಮ್ಮಲ್ಲಿ ಊರು ಬೆಳೆದಂತೆ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಎಂದು ಹೆಸರು ಬದಲಾಗುತ್ತದೆ. ಅಲ್ಲಿ ಹಾಗಲ್ಲ. ಅತ್ರಾನಿಯೂ ಕೊಮುನೆ, ರಾಜಧಾನಿಯೆಂಬ ವಿಶೇಷ ಸ್ಥಾನವಿರುವ ರೋಮ್ ಕೂಡ ಕೊಮುನೆಯೇ. ಎರಡಕ್ಕೂ ಜನರಿಂದ ನೇರವಾಗಿ ಆಯ್ಕೆಯಾದ ಮೇಯರ್ ಇರುತ್ತಾರೆ, ಚುನಾಯಿತ ಮಂಡಳಿ ಇರುತ್ತದೆ. ಆದ್ದರಿಂದ ‘ಕೊಮುನೆ’ ಪದವನ್ನು ಹಾಗೆಯೇ ಉಳಿಸಿಕೊಂಡೆ.

ಚಟುವಟಿಕೆ

ಮಕ್ಕಳು ಮೊದಲು 0.12ರ ವರ್ಗಮೂಲ ಕಂಡುಹಿಡಿದರು: ಸುಮಾರು 0.35. ಊರನ್ನು ಚೌಕವೆಂದು ಭಾವಿಸಿದರೆ ಒಂದು ಬದಿ ಸುಮಾರು 350 ಮೀಟರ್, ಅಂದರೆ ನಾಲ್ಕೈದು ನಿಮಿಷದ ನಡಿಗೆ. ಬಳಿಕ ಕಪ್ಪುಹಲಗೆಯ ಮೇಲೆ ಎರಡು ಲೆಕ್ಕ ಮಾಡಿಸಿದೆ.

ಅತ್ರಾನಿ: 800 ÷ 0.12 = ಸುಮಾರು 6,700
ರೋಮ್: 27,50,000 ÷ 1,285 = ಸುಮಾರು 2,100

“ಮೇಡಂ, ಹಾಗಾದ್ರೆ ರೋಮ್‌ಗಿಂತ ಅತ್ರಾನಿನೇ ದೊಡ್ಡ ಸಿಟಿನಾ?” ಎಂದು ಒಬ್ಬ ಹುಡುಗ ಕೇಳಿದ. ಪಾಠದ ತಿರುಳು ಇದೇ ಪ್ರಶ್ನೆಯಲ್ಲಿತ್ತು. ಉತ್ತರವನ್ನು ಮಕ್ಕಳಿಂದಲೇ ಹೊರಡಿಸಿದೆ: ರೋಮ್‌ನ ಗಡಿಯೊಳಗೆ ಹೊಲಗಳೂ ಉದ್ಯಾನಗಳೂ ಸೇರಿವೆ, ಅತ್ರಾನಿಯ ಗಡಿ ಹೆಚ್ಚುಕಡಿಮೆ ಮನೆಗಳ ಅಂಚಿನಲ್ಲೇ ಮುಗಿಯುತ್ತದೆ. ಗಡಿ ಎಲ್ಲಿ ಎಳೆದಿದೆ ಎಂಬುದರ ಮೇಲೆ ಸಾಂದ್ರತೆ ನಿಂತಿದೆ.

ವಿಸ್ತರಣೆ

ಗಡಿ ಲೆಕ್ಕಕ್ಕಷ್ಟೇ ಸಂಬಂಧಿಸಿದ್ದಲ್ಲ. ಡ್ರಾಗೋನೆ ಎಂಬ ತೊರೆ ಮೇಲಿನ ಸ್ಕಾಲಾ ಮತ್ತು ರಾವೆಲ್ಲೊ ಕೊಮುನೆಗಳ ಬೆಟ್ಟಗಳಿಂದ ಇಳಿದು, ಅತ್ರಾನಿಯ ಮುಖ್ಯ ಬೀದಿಯ ಅಡಿಯಲ್ಲಿ ಹರಿದು ಸಮುದ್ರ ಸೇರುತ್ತದೆ. 2010ರ ಸೆಪ್ಟೆಂಬರ್ 9ರಂದು ಭಾರಿ ಮಳೆಗೆ ನೀರು, ಕೆಸರು ಬೀದಿಗೇ ನುಗ್ಗಿ ಕಾರುಗಳನ್ನು ಕೊಚ್ಚಿಕೊಂಡು ಹೋದವು. ಒಬ್ಬ ಯುವತಿ ಪ್ರಾಣ ಕಳೆದುಕೊಂಡಳು. ಮಳೆ ಸುರಿದದ್ದು ಮೇಲಿನ ಊರುಗಳ ಬೆಟ್ಟದಲ್ಲಿ, ಸಾವು ಸಂಭವಿಸಿದ್ದು ಕೆಳಗಿನ ಮೂವತ್ತು ಎಕರೆಯಲ್ಲಿ. ನೀರಿಗೆ ಕೊಮುನೆಯ ಗಡಿ ಗೊತ್ತಿಲ್ಲ ಎಂದಾಗ ತರಗತಿ ನಿಶ್ಶಬ್ದವಾಯಿತು.

ಮೌಲ್ಯಮಾಪನ

1. ಅತ್ರಾನಿಯ ಗಡಿಗೆ ಜನವಸತಿಯಿಲ್ಲದ 1 ಚದರ ಕಿ.ಮೀ. ಬೆಟ್ಟ ಸೇರಿಸಿದರೆ ಸಾಂದ್ರತೆ ಎಷ್ಟಾಗುತ್ತದೆ? (ಸುಮಾರು 714)
2. ಹಾಗೆ ಸೇರಿಸಿದರೆ ಅಲ್ಲಿನ ಜನರ ಇಕ್ಕಟ್ಟು ಕಡಿಮೆಯಾಗುತ್ತದೆಯೇ?
3. ಪ್ರವಾಹ ತಡೆಯುವ ಹೊಣೆ ಅತ್ರಾನಿಯದಷ್ಟೇ ಆಗಬಹುದೇ?

ಮೊದಲ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಬಿಡಿಸಿದರು. ಎರಡು ಮತ್ತು ಮೂರನೆಯದಕ್ಕೆ ಚರ್ಚೆ ಗಂಟೆ ಬಾರಿಸಿದ ಮೇಲೂ ನಡೆಯಿತು. ಈ ಪಾಠ ಮಾಡುವ ಸಹಪಾಠಿಗಳು ಆ ಎರಡು ಪ್ರಶ್ನೆಗಳಿಗೆ ಕನಿಷ್ಠ ಹತ್ತು ನಿಮಿಷ ಮೀಸಲಿಡುವುದು ಒಳ್ಳೆಯದು.